ಕಲಿಯುವ ಕೈ, ಕಲಿಸುವ ಮಾತು

ಕಳಸದಿಂದ ಕುದುರೆಮುಖದತ್ತ ಹೊರಟ ದಾರಿಯಲ್ಲಿ ಸಿಗುವ ಸಂಸೆ ಹಿಂದೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದು, ಈಗ ಕಳಸ ತಾಲ್ಲೂಕಿಗೆ ಸೇರಿದ ಊರು. ಕಾಫಿ, ಅಡಿಕೆ, ಮೆಣಸು, ಚಹಾ ಈ ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಕಾಣಬಹುದಾದ ನೆಲವಿದು. ಈ ನಾಲ್ಕರಲ್ಲಿ ಒಂದನ್ನಾದರೂ ಪುಸ್ತಕ ಓದಿ ಕುಯ್ಯಲಾಗುವುದಿಲ್ಲ. ಕಾಫಿಯ ರೆಂಬೆಯಲ್ಲಿ ಹಸಿರು ಕಾಯಿಗಳ ನಡುವಿನಿಂದ ಕೆಂಪು ಹಣ್ಣನ್ನಷ್ಟೇ ಬೆರಳು ಆರಿಸಿ ತೆಗೆಯಬೇಕು. ಚಹಾದ ಗಿಡದ ಮೇಲೆ ಎರಡು ಎಲೆ, ಒಂದು ಕುಡಿಯನ್ನು ಮಾತ್ರ ಚಿವುಟಬೇಕು. ಸಿಲ್ವರ್ ಓಕ್ ಮರಕ್ಕೆ ಏಣಿಯೊರಗಿಸಿ, ಒಂದು ಕೈಯಲ್ಲಿ ಏಣಿ ಹಿಡಿದು ಇನ್ನೊಂದರಲ್ಲಿ ಮೆಣಸಿನ ಗೊಂಚಲು ಕೀಳಬೇಕು. ನವೆಂಬರಿನಿಂದ ಮೂರು ನಾಲ್ಕು ತಿಂಗಳು ಇಲ್ಲಿ ಬದುಕು ನಡೆಯುವುದೇ ಪಳಗಿದ ಕೈಗಳ ಮೇಲೆ.

ಆ ಕೈಗಳು ಕಡಿಮೆಯಾಗುತ್ತಿವೆ. ಕೊನೆ ತೆಗೆಯುವವರಿಲ್ಲ, ಮರಗಸಿ ಮಾಡುವವರಿಲ್ಲ, ಅಡಿಕೆ ಸುಲಿಯಲು ಕುಳಿತುಕೊಳ್ಳುವ ಹುಡುಗಿಯರಿಲ್ಲ ಎಂಬ ದೂರು ಪ್ರತಿಯೊಂದು ಮನೆಯ ಜಗುಲಿಯಲ್ಲಿಯೂ ಕೇಳಿಬರುತ್ತದೆ. ಕೂಲಿ, ನಗರದ ಸೆಳೆತ, ಓದು ಮೊದಲಾದ ಕಾರಣಗಳು ಎಲ್ಲರಿಗೂ ತಿಳಿದವೇ. ಆದರೆ ಕಲಿಯಬೇಕೆಂದು ಬಂದು ಕುಳಿತ ಮಗುವೂ ಎರಡು ದಿನದಲ್ಲಿ ಎದ್ದು ಹೋಗುವುದೇಕೆ ಎಂಬುದನ್ನು ನಾವು ಅಷ್ಟಾಗಿ ಯೋಚಿಸಿದಂತಿಲ್ಲ. ಕಲಿಯುವವರ ಪಕ್ಕದಲ್ಲಿ ಕುಳಿತು ನಾವು ಆಡುವ ಮಾತು ಎಂಥದು, ಎಷ್ಟು, ಯಾವಾಗ ಎಂಬುದೇ ಈ ತಿಂಗಳ ವಿಷಯ.

ಅಡಿಕೆ ಸುಲಿಯುವ ಕೆಲಸವನ್ನೇ ನೋಡೋಣ. ಮರದ ಹಲಗೆಗೆ ನೆಟ್ಟಗೆ ಕೂರಿಸಿದ ಮೆಟ್ಟುಗತ್ತಿ. ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡು ಕೈಗಳಿಂದಲೂ ಹಸಿ ಅಡಿಕೆಯನ್ನು ಕತ್ತಿಯ ಮೊನೆಗೆ ಚುಚ್ಚಿ, ತುಸು ತಿರುವಿ, ಸಿಪ್ಪೆಯನ್ನು ಬಿಡಿಸಬೇಕು. ಮೊನೆ ಆಳಕ್ಕಿಳಿದರೆ ಒಳಗಿನ ಬೇಳೆಗೆ ಗಾಯ. ಮೇಲುಮೇಲೆ ಹೋದರೆ ಸಿಪ್ಪೆ ಬಿಡದು. ತಿರುವುವ ಹೊತ್ತಿಗೆ ಹೆಬ್ಬೆರಳು ಎಲ್ಲಿರಬೇಕೋ ಅಲ್ಲಿರದಿದ್ದರೆ ಗಾಯ ಬೇಳೆಗಲ್ಲ, ಬೆರಳಿಗೆ. ಪಳಗಿದ ಹೆಂಗಸು ಪಕ್ಕದವಳೊಡನೆ ಊರ ಸುದ್ದಿ ಮಾತಾಡುತ್ತ, ಕತ್ತಿಯ ಕಡೆ ನೋಡದೆಯೇ ಸುಲಿದು ಹಾಕುತ್ತಾಳೆ. ಹೇಗೆ ಎಂದು ಕೇಳಿದರೆ ಆಕೆಗೆ ಹೇಳಲು ಬಾರದು. ಕೈಗೆ ತಿಳಿದದ್ದು ಬಾಯಿಗೆ ತಿಳಿದಿರುವುದಿಲ್ಲ. ಕಲಿಸುವುದು ಕಷ್ಟವಾಗುವುದೂ ಇಲ್ಲಿಯೇ: ಹೇಳಲಾಗದ್ದನ್ನು ಹೇಳಬೇಕಾದಾಗ ನಾವು ಹೇಳಲಾಗುವುದನ್ನಷ್ಟೇ ಹೇಳುತ್ತೇವೆ, ಅಂದರೆ ತಪ್ಪನ್ನು. "ಮತ್ತೆ ಗಾಯ ಮಾಡಿದೆ", "ಸಿಪ್ಪೆ ಉಳಿಸಿದೆ", "ನಿನ್ನ ದೊಡ್ಡಪ್ಪನ ಮಗಳು ನಿನ್ನ ವಯಸ್ಸಿಗೆ ಎಷ್ಟು ಡಬ್ಬ ಸುಲಿಯುತ್ತಿದ್ದಳು ಗೊತ್ತೆ?"

ಕೈ ಮಾಡಿದ ಕೆಲಸದ ಫಲ ಏನಾಯಿತೆಂಬ ಸುದ್ದಿ ಮರಳಿ ಕೆಲಸಗಾರನಿಗೆ ತಲಪುವುದನ್ನು ಶಿಕ್ಷಣಶಾಸ್ತ್ರದವರು ಹಿಮ್ಮಾಹಿತಿ ಎನ್ನುತ್ತಾರೆ. ಅದಿಲ್ಲದೆ ಕಲಿಕೆಯಿಲ್ಲವೆಂಬುದು ಹಳೆಯ ಶೋಧ. ಅಮೆರಿಕದ ಮನೋವಿಜ್ಞಾನಿ ಥಾರ್ನ್‌ಡೈಕ್ ೧೯೨೦ರ ದಶಕದಲ್ಲಿ ಜನರಿಗೆ ಕಣ್ಣು ಮುಚ್ಚಿಸಿ, ಇಷ್ಟು ಅಂಗುಲ ಉದ್ದದ ಗೆರೆ ಎಳೆಯಿರೆಂದು ಹೇಳಿದ. ಸರಿಯೋ ತಪ್ಪೋ ಎಂದು ತಿಳಿಸದಿದ್ದಾಗ, ನೂರಾರು ಗೆರೆ ಎಳೆದರೂ ಅವರ ಕೈ ಸುಧಾರಿಸಲಿಲ್ಲ, ತಿಳಿಸತೊಡಗಿದಾಗ ಸುಧಾರಿಸಿತು. ಬರಿಯ ಅಭ್ಯಾಸ ಯಾರನ್ನೂ ಪಳಗಿಸುವುದಿಲ್ಲ. ಫಲ ಕಂಡ ಅಭ್ಯಾಸ ಪಳಗಿಸುತ್ತದೆ.

ಇಷ್ಟು ಓದಿದವರು, ಹಾಗಾದರೆ ಅಡಿಗಡಿಗೂ ತಿದ್ದುವುದೇ ಒಳ್ಳೆಯದೆಂದುಕೊಳ್ಳಬಹುದು. ಬಹುಕಾಲ ವಿದ್ವಾಂಸರೂ ಹಾಗೆಯೇ ತಿಳಿದಿದ್ದರು. ೧೯೮೪ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಎಂಬ ಮೂವರು ಅದುವರೆಗಿನ ಪ್ರಯೋಗಗಳನ್ನೆಲ್ಲ ಮತ್ತೊಮ್ಮೆ ಜಾಲಿಸಿ, ಬೇರೊಂದು ಸಂಗತಿಯನ್ನು ಎತ್ತಿ ತೋರಿದರು. ತಿದ್ದುವವರು ಪಕ್ಕದಲ್ಲಿರುವಾಗ ಕೆಲಸ ಚೆನ್ನಾಗಿಯೇ ಸಾಗುತ್ತದೆ. ಆದರೆ ಅವರು ಎದ್ದು ಹೋದ ಮೇಲೆ ಉಳಿದದ್ದೆಷ್ಟು ಎಂಬುದೇ ಕಲಿಕೆಯ ಅಳತೆ. ಹಾಗೆ ಅಳೆದಾಗ, ಪ್ರತಿ ಸಲವೂ ತಿದ್ದಿಸಿಕೊಂಡವರು ಹಿಂದೆ ಬೀಳುವುದು ಕಂಡುಬಂದಿತು. ಹೊರಗಿನ ಮಾತಿಗೆ ಕಿವಿಗೊಟ್ಟ ಮಗು ತನ್ನ ಬೆರಳು ಹೇಳುವುದನ್ನು ಕೇಳುವುದೇ ಇಲ್ಲ. ೧೯೯೦ರಲ್ಲಿ ಕ್ಯಾರೊಲಿ ವಿನ್‌ಸ್ಟೀನ್ ಮತ್ತು ಶ್ಮಿಟ್ ನಡೆಸಿದ ಪ್ರಯೋಗದಲ್ಲಿ, ಅರ್ಧದಷ್ಟು ಸಲ ಮಾತ್ರ ಫಲವನ್ನು ತಿಳಿದವರು ಮರುದಿನದ ಪರೀಕ್ಷೆಯಲ್ಲಿ ಪ್ರತಿ ಸಲವೂ ತಿಳಿದವರಿಗಿಂತ ಮೇಲಾದರು. ಅದೇ ವರ್ಷ ಸ್ವಿನ್ನೆನ್ ಎಂಬವರೂ ಅವರ ಜೊತೆಗಾರರೂ ಮತ್ತೊಂದನ್ನು ತೋರಿಸಿದರು: ಕೈ ಕೆಲಸ ಮುಗಿಸಿದ ಕ್ಷಣದಲ್ಲಿಯೇ ಫಲವನ್ನು ಹೇಳಿಬಿಡುವುದಕ್ಕಿಂತ ಕೆಲವು ಕ್ಷಣ ತಡೆದು ಹೇಳುವುದು ಮೇಲು. ಆ ನಡುವಿನ ಮೌನದಲ್ಲಿ ಕಲಿಯುವವನು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕುತ್ತಿರುತ್ತಾನೆ.

ನಮ್ಮ ತೋಟದವರಿಗೆ ಇದನ್ನು ತಿಳಿಸಲು ಪ್ರಯೋಗಶಾಲೆ ಬೇಕಿಲ್ಲ. ಎಳೆಯ ಮೆಣಸಿನ ಬಳ್ಳಿಯನ್ನು ಮರಕ್ಕೆ ದಾರದಿಂದ ಕಟ್ಟುತ್ತೇವೆ. ಬಳ್ಳಿಯ ಗಂಟುಗಂಟಿನ ಬೇರು ತೊಗಟೆಯನ್ನು ಕಚ್ಚುವವರೆಗೆ ಮಾತ್ರ ಆ ದಾರದ ಕೆಲಸ. ಆಮೇಲೂ ಬಿಗಿಯುತ್ತಲೇ ಇದ್ದರೆ ದಾರವೇ ಬಳ್ಳಿಯನ್ನು ಕೊಯ್ಯುತ್ತದೆ.

ಅಡಿಕೆಯ ಮುಂದೆ ಕುಳಿತ ಹುಡುಗಿಗಂತೂ ಅಡಿಕೆಯೇ ಎಲ್ಲವನ್ನೂ ಹೇಳುತ್ತದೆ. ಬೇಳೆಯ ಮೇಲಿನ ಗಾಯ ಅವಳ ಕಣ್ಣಿಗೂ ಕಾಣುತ್ತದೆ. ಕಂಡದ್ದನ್ನೇ ಕೂಗಿ ಹೇಳಿದರೆ ಹೊಸದಾಗಿ ಸೇರುವುದು ನಾಚಿಕೆಯೊಂದೇ. ಅವಳಿಗೆ ಕಾಣದ್ದನ್ನು ಹೇಳುವುದು ಬಲ್ಲವರ ಕೆಲಸ: ಚುಚ್ಚುವ ಮೊದಲೇ ಮಣಿಕಟ್ಟು ಬಿಗಿಯಾಗಿತ್ತು, ಹಲಗೆ ಕಾಲಡಿಯಲ್ಲಿ ಅಲುಗಿತು, ಅಡಿಕೆಯ ತೊಟ್ಟಿನ ಕಡೆಯನ್ನು ಮೊನೆಗೆ ಕೊಟ್ಟಿರಲಿಲ್ಲ. ಅದನ್ನೂ ಹತ್ತಿಪ್ಪತ್ತು ಅಡಿಕೆಗೊಮ್ಮೆ ಹೇಳಿದರೆ ಸಾಕು.

ಇದಕ್ಕೆ ಹೊಂದಿಕೊಂಡ ಇನ್ನೊಂದು ಸೂಕ್ಷ್ಮವುಂಟು. ಜರ್ಮನಿಯ ಗೇಬ್ರಿಯೆಲ್ ವುಲ್ಫ್ ಮತ್ತು ಅವರ ಜೊತೆಗಾರರು ೧೯೯೮ರಲ್ಲಿ, ಹಿಮದ ಮೇಲೆ ಜಾರುವ ಆಟದ ಯಂತ್ರವೊಂದರ ಮೇಲೆ ಜನರನ್ನು ನಿಲ್ಲಿಸಿ ಪರೀಕ್ಷಿಸಿದರು. ನಿಮ್ಮ ಪಾದವನ್ನು ಹೀಗೆ ಒತ್ತಿ ಎಂದು ಹೇಳಿಸಿಕೊಂಡವರಿಗಿಂತ, ಪಾದದ ಕೆಳಗಿನ ಗಾಲಿಯನ್ನು ಹೀಗೆ ಒತ್ತಿ ಎಂದು ಹೇಳಿಸಿಕೊಂಡವರು ಚೆನ್ನಾಗಿ ಕಲಿತರು. ಗಮನ ತನ್ನ ಅಂಗದ ಮೇಲೆ ನೆಟ್ಟರೆ ಅಂಗ ಸೆಟೆದುಕೊಳ್ಳುತ್ತದೆ. ಅಂಗ ಉಂಟುಮಾಡುವ ಫಲದ ಮೇಲೆ ನೆಟ್ಟರೆ ಸಡಿಲವಾಗಿ ಆಡುತ್ತದೆ. ರೊಟ್ಟಿ ತಟ್ಟಲು ಕಲಿಯುವ ಸೊಸೆಗೆ "ಬೆರಳು ಹೀಗಿಡು" ಎನ್ನುವುದಕ್ಕಿಂತ "ಅಂಚು ತೆಳ್ಳಗಾಗಲಿ" ಎಂದರೆ ಕೈ ತಾನೇ ದಾರಿ ಹುಡುಕೀತು.

ಇನ್ನು ನಂಬಿಕೆಯ ಮಾತು. ತನ್ನಿಂದ ಈ ಕೆಲಸ ಆಗುತ್ತದೆ ಎಂಬ ನಂಬಿಕೆಗೂ ಕೆಲಸಕ್ಕೂ ಇರುವ ಸಂಬಂಧವನ್ನು ಆಲ್ಬರ್ಟ್ ಬಂಡೂರ ೧೯೭೭ರಲ್ಲಿ ಶಾಸ್ತ್ರೀಯವಾಗಿ ನಿರೂಪಿಸಿದರು. ಆತ ಹೇಳಿದ ಈ ನಂಬಿಕೆ ಸಾಮಾನ್ಯ ಧೈರ್ಯವಲ್ಲ, ಜಂಬವೂ ಅಲ್ಲ. ಇಂಥ ಒಂದು ಕೆಲಸದ ಬಗ್ಗೆ ಮಾತ್ರ ಇರುವ ಭರವಸೆ. ವೇದಿಕೆಯ ಮೇಲೆ ನಿರ್ಭಯವಾಗಿ ಭಾಷಣ ಮಾಡುವವನಿಗೂ ಸೈಕಲ್ಲಿನ ಮುಂದೆ ಅದಿಲ್ಲದಿರಬಹುದು. ತಾನೇ ಒಮ್ಮೆ ಮಾಡಿ ಗೆದ್ದ ಅನುಭವದಿಂದ ಅದು ಎಲ್ಲಕ್ಕಿಂತ ಗಟ್ಟಿಯಾಗಿ ಹುಟ್ಟುತ್ತದೆ. ತನ್ನಂಥವರೇ ಮಾಡುವುದನ್ನು ಕಂಡು, ಬಲ್ಲವರ ಮಾತು ಕೇಳಿ, ತನ್ನ ಮೈಯ ನಡುಕವೋ ನೆಮ್ಮದಿಯೋ ಹೇಳಿದಂತೆ ಅದು ಏರಿಳಿಯುತ್ತದೆ.

ಕೈಕೆಲಸಕ್ಕೆ ಇದನ್ನು ಹೊಂದಿಸಿ ನೋಡಿದವರು ಬ್ರೆಜಿಲಿನ ಚಿವಿಯಾಕೊವ್‌ಸ್ಕಿ ಮತ್ತು ವುಲ್ಫ್. ೨೦೦೭ರ ಅವರ ಪ್ರಯೋಗದಲ್ಲಿ ಜನರು ಕಣ್ಣಿಗೆ ಕಾಣದ ಗುರಿಗೆ ಕಾಳಿನ ಚೀಲ ಎಸೆಯಬೇಕಾಗಿತ್ತು. ಪ್ರತಿ ಆರು ಎಸೆತಗಳಲ್ಲಿ ಒಂದು ಗುಂಪಿಗೆ ಚೆನ್ನಾದ ಮೂರರ ಫಲವನ್ನು, ಇನ್ನೊಂದು ಗುಂಪಿಗೆ ಕೆಟ್ಟ ಮೂರರ ಫಲವನ್ನು ತಿಳಿಸಿದರು. ಎರಡೂ ಗುಂಪುಗಳಿಗೆ ಸಿಕ್ಕ ಮಾಹಿತಿಯ ಪ್ರಮಾಣ ಒಂದೇ, ಎರಡೂ ನಿಜವೇ. ತಪ್ಪನ್ನು ತಿಳಿದವರೇ ಹೆಚ್ಚು ತಿದ್ದಿಕೊಳ್ಳಬೇಕೆಂದು ಯಾರಿಗಾದರೂ ಅನ್ನಿಸೀತು. ಮರುದಿನ ಮೇಲಾದವರು ಒಳ್ಳೆಯದನ್ನು ತಿಳಿದವರು. ಇಂಥ ಫಲಿತಾಂಶಗಳನ್ನೆಲ್ಲ ಕೂಡಿಸಿ ವುಲ್ಫ್ ಮತ್ತು ಲೆವ್‌ಥ್ವೇಟ್ ೨೦೧೬ರಲ್ಲಿ, ಕಲಿಯುವವರ ಭರವಸೆ, ಅವರಿಗಿರುವ ಆಯ್ಕೆ, ಅವರ ಗಮನದ ದಿಕ್ಕು ಈ ಮೂರರ ಮೇಲೆ ಚಲನ ಕೌಶಲದ ಕಲಿಕೆ ನಿಂತಿದೆಯೆಂಬ ಸಿದ್ಧಾಂತವನ್ನು ಮಂಡಿಸಿದರು. ಈ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗುವಂತಿಲ್ಲ. ಆಯ್ಕೆಯ ವಿಚಾರದಲ್ಲಿ ಹಿಂದಿನ ಅಧ್ಯಯನಗಳನ್ನು ೨೦೨೨ರಲ್ಲಿ ಕೆನಡಾದ ಸಂಶೋಧಕರು ಒಟ್ಟು ಹಾಕಿ ತೂಗಿದಾಗ, ಅವು ಸಣ್ಣ ಸಣ್ಣ ಗುಂಪುಗಳ ಮೇಲೆ ನಡೆದವೆಂದೂ, ಗೆದ್ದ ಪ್ರಯೋಗಗಳೇ ಅಚ್ಚಾಗಿ ಸೋತವು ಮೂಲೆಗೆ ಬಿದ್ದಿರುವ ಸಂಭವವಿದೆಯೆಂದೂ ಎಚ್ಚರಿಸಿದರು. ವಿಜ್ಞಾನವೂ ತನ್ನ ಹಿಮ್ಮಾಹಿತಿಯನ್ನು ತಾನೇ ಕೇಳಿಸಿಕೊಳ್ಳಬೇಕಲ್ಲ!

ಹೊಗಳಿದರೆ ಸಾಕೇ? ಸಾಲದು. ಗಾಯಗೊಂಡ ಬೇಳೆಯನ್ನು ಕೈಯಲ್ಲಿ ಹಿಡಿದಿರುವ ಹುಡುಗಿಗೆ "ಶಹಬ್ಬಾಸ್" ಎಂದರೆ ಅವಳು ಅಡಿಕೆಯನ್ನು ನಂಬುತ್ತಾಳೆಯೇ ಹೊರತು ನಮ್ಮನ್ನಲ್ಲ. ಮುಂದೆ ನಾವು ನಿಜವಾಗಿ ಮೆಚ್ಚಿದಾಗಲೂ ಆ ಮಾತಿಗೆ ಬೆಲೆಯಿರುವುದಿಲ್ಲ. ೨೦೧೦ರಲ್ಲಿ ಲೆವ್‌ಥ್ವೇಟ್ ಮತ್ತು ವುಲ್ಫ್ ಅಲುಗುವ ಹಲಗೆಯ ಮೇಲೆ ನಿಂತು ಸಮತೋಲ ಕಲಿಯುವವರಿಗೆ, ಉಳಿದವರ ಸರಾಸರಿಗಿಂತ ನೀವು ಮುಂದಿದ್ದೀರಿ ಎಂದು ಬೇಕೆಂದೇ ಸುಳ್ಳು ಲೆಕ್ಕ ಕೊಟ್ಟರು. ಅವರು ನಿಜವಾಗಿಯೇ ಹೆಚ್ಚು ಕಲಿತರು. ಪ್ರಯೋಗಶಾಲೆಯಲ್ಲಿ ಒಂದೆರಡು ದಿನ ಆ ಸುಳ್ಳು ನಡೆದೀತು. ಮನೆಯಲ್ಲಿ ಎರಡು ಮಕ್ಕಳಿದ್ದರೆ ಇಬ್ಬರಿಗೂ ನೀನೇ ಮುಂದೆ ಎನ್ನಲಾಗುವುದಿಲ್ಲ. ಸುಳ್ಳಿನ ಆವಶ್ಯಕತೆಯೂ ಇಲ್ಲ: ಇಪ್ಪತ್ತು ಅಡಿಕೆಯಲ್ಲಿ ಮೂರು ಚೆನ್ನಾಗಿ ಬಂದಿದ್ದರೆ ಆ ಮೂರನ್ನು ಆರಿಸಿ ಅವಳ ಮುಂದಿಟ್ಟು, "ಇವನ್ನು ಸುಲಿಯುವಾಗ ಏನು ಮಾಡಿದೆ, ನೆನಪು ಮಾಡಿಕೋ" ಎನ್ನಬಹುದು. ಅದು ಹೊಗಳಿಕೆಯಲ್ಲ, ಸಾಕ್ಷ್ಯ.

ಕನ್ನಡನಾಡಿನ ಆಟಗಾರರಲ್ಲಿ ಪ್ರಕಾಶ್ ಪಡುಕೋಣೆಯವರ ಬಾಲ್ಯವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಮಲ್ಲೇಶ್ವರದ ಕೆನರಾ ಯೂನಿಯನ್ ಸಭಾಂಗಣವೇ ಅವರ ಅಭ್ಯಾಸದ ಅಂಗಳ. ಅದು ಮದುವೆಗಳೂ ನಡೆಯುವ ಜಾಗ. ಚಪ್ಪರವಿದ್ದ ದಿನ ಆಟವಿಲ್ಲ. ೧೯೬೨ರಲ್ಲಿ ಅವರು ರಾಜ್ಯದ ಕಿರಿಯರ ಸ್ಪರ್ಧೆಯಲ್ಲಿ ಮೊದಲ ಸಲ ಆಡಿದಾಗ ಮೊದಲ ಸುತ್ತಿನಲ್ಲಿಯೇ ಸೋತರು. ಎರಡು ವರ್ಷಗಳ ಮೇಲೆ ಅದೇ ಪ್ರಶಸ್ತಿಯನ್ನು ಗೆದ್ದರು. ೧೯೮೦ರಲ್ಲಿ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು ಮಣಿಸಿ ಆಲ್ ಇಂಗ್ಲೆಂಡ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ಏಳು ವರ್ಷದ ಹುಡುಗ ಮೊದಲ ಸುತ್ತಿನಲ್ಲಿ ಸೋತು ಬಂದ ಸಂಜೆ "ಇದು ನಿನ್ನಿಂದಾಗದು" ಎಂದು ಮನೆಯಲ್ಲಿ ಯಾರಾದರೂ ಹೇಳಿ, ಹುಡುಗ ಅದನ್ನು ನಂಬಿಬಿಟ್ಟಿದ್ದರೆ ಎರಡನೆಯ ಸ್ಪರ್ಧೆಯೇ ಇರುತ್ತಿರಲಿಲ್ಲ.

ಆದರೆ ನಂಬಿಕೆಯೊಂದೇ ಸಾಲದ ಸ್ಥಳವೂ ಮಲೆನಾಡಿನಲ್ಲಿದೆ: ಅಡಿಕೆ ಮರದ ತುದಿ. ಕಾಲಿಗೆ ತಳೆ ಹಾಕಿ ಮರವೇರಿ, ಒಂದು ಮರದಿಂದ ಇನ್ನೊಂದಕ್ಕೆ ಮೇಲಿನಿಂದಲೇ ದಾಟುವ ಕೊನೆಗಾರನ ಮೈ ಬಹಳ ವರ್ಷಗಳ ಕಲಿಕೆಯ ಫಲ. ಹತ್ತಬೇಕಾದದ್ದು ಕೊಯ್ಲಿನಲ್ಲಿ ಮಾತ್ರವಲ್ಲ. ಹಿಂದೆ ಮಳೆಗಾಲದ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ೧೯೧೦ರ ಸುಮಾರಿಗೆ ಕೊಳೆರೋಗದ ಮೂಲವನ್ನು ಗುರುತಿಸಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಹೇಳಿಕೊಟ್ಟ ಮೇಲೆ, ಪಾಚಿಗಟ್ಟಿದ ಒದ್ದೆ ಮರವನ್ನು ಮಳೆಯ ನಡುವೆಯೇ ಏರುವುದು ವರ್ಷವರ್ಷದ ಕೆಲಸವಾಯಿತು. ಅಲ್ಲಿ ತಪ್ಪಿನ ಸುದ್ದಿ ಒಂದೇ ಸಲ ಬರುತ್ತದೆ. ತಳೆ ಜಾರಿದ ಮೇಲೆ ತಿದ್ದಿಕೊಳ್ಳಲು ಎರಡನೆಯ ಅವಕಾಶವಿರುವುದಿಲ್ಲ. ಹುರಿದುಂಬಿಸಿ ಹತ್ತಿಸುವುದು ಇಲ್ಲಿ ಪ್ರೋತ್ಸಾಹವಲ್ಲ, ಅಪರಾಧ. "ಗಂಡಸಲ್ಲವೇನೋ, ಹತ್ತು" ಎಂಬ ಮಾತಿನಿಂದ ಬೆನ್ನುಮೂಳೆ ಮುರಿದುಕೊಂಡು ಹಾಸಿಗೆ ಹಿಡಿದವರನ್ನು ನಮ್ಮ ಸೀಮೆಯಲ್ಲಿ ಹುಡುಕುತ್ತ ಹೋಗಬೇಕಾಗಿಲ್ಲ.

ಈ ಕೌಶಲವನ್ನು ಕ್ರಮವಾಗಿ ಕಲಿಸುವ ಪ್ರಯತ್ನಗಳು ಈಚೆಗೆ ನಡೆದಿವೆ. ತೆಂಗು ಅಭಿವೃದ್ಧಿ ಮಂಡಳಿ ೨೦೧೧ರಲ್ಲಿ ಕೇರಳದಲ್ಲಿ ಆರಂಭಿಸಿದ, ತೆಂಗಿನ ಮರದ ಗೆಳೆಯರು ಎಂಬ ಅರ್ಥದ ಹೆಸರಿನ ಆರು ದಿನಗಳ ತರಬೇತಿ ಮುಂದೆ ಕರ್ನಾಟಕಕ್ಕೂ ಬಂದಿತು. ಯಂತ್ರದ ನೆರವಿನಿಂದ ಮರ ಹತ್ತುವುದನ್ನು ಅಲ್ಲಿ ಹೆಂಗಸರೂ ಕಲಿತರು. ಒಬ್ಬಳು ಹತ್ತಿ ಇಳಿದದ್ದನ್ನು ಕಂಡ ಮೇಲೆ ಉಳಿದವರಿಗೆ ಭಾಷಣ ಬೇಕಾಗುವುದಿಲ್ಲ. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಆವರಣದಲ್ಲಿ ೨೦೧೮ರಲ್ಲಿ ಅಡಿಕೆ ಕೌಶಲ ಪಡೆಯ ಶಿಬಿರ ನಡೆದು ಯುವಕರು ಮರವೇರಲು ಕಲಿತರು. ಬಂಟ್ವಾಳ ತಾಲ್ಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಮರವೇರುವ ಬೈಕಿನಂಥ ಯಂತ್ರ ೨೦೧೯ರಲ್ಲಿ ದೇಶದ ಗಮನ ಸೆಳೆಯಿತು. ಯಂತ್ರವಿರಲಿ, ತಳೆಯಿರಲಿ, ಹತ್ತಡಿಯ ಎತ್ತರದಲ್ಲಿ ನೂರು ಸಲ ಹತ್ತಿ ಇಳಿದವನಿಗೆ ಹುಟ್ಟುವ ಭರವಸೆಯೇ ಬೇರೆ, ಕೆಳಗೆ ನಿಂತವರ ಕೇಕೆಯಿಂದ ಹುಟ್ಟುವ ಧೈರ್ಯವೇ ಬೇರೆ. ಮೊದಲನೆಯದಕ್ಕೆ ತನ್ನ ಮಿತಿ ಗೊತ್ತಿರುತ್ತದೆ. ಇವತ್ತು ಮರ ಒದ್ದೆಯಾಗಿದೆ, ನಾನು ಹತ್ತುವುದಿಲ್ಲ ಎಂದು ಹೇಳುವ ಧೈರ್ಯವೂ ಅದರ ಜೊತೆಗೇ ಬರುತ್ತದೆ.

ಕಲಿಕೆಯೆಂದರೆ ಎಳೆಯರದು ಮಾತ್ರ ಎಂದುಕೊಳ್ಳುವುದರಿಂದ ನಮ್ಮ ಮನೆಗಳಲ್ಲಿ ಒಂದು ದೊಡ್ಡ ನಷ್ಟ ಸದ್ದಿಲ್ಲದೆ ಆಗುತ್ತಿರುತ್ತದೆ. ಪಾರ್ಶ್ವವಾಯು ಬಡಿದು ಒಂದು ಕೈ ಸೋತ ಹಿರಿಯರು ಆ ಕೈಯನ್ನು ಮತ್ತೆ ಕಲಿಸಬೇಕಾಗುತ್ತದೆ. ಅದೂ ಚಲನ ಕೌಶಲದ ಕಲಿಕೆಯೇ. ಮೊದಲ ವಾರಗಳಲ್ಲಿ ಆ ಕೈಯಿಂದ ಏನನ್ನು ಹಿಡಿಯಹೋದರೂ ಬೀಳುತ್ತದೆ. ಆಗ ಅವರು ಒಳ್ಳೆಯ ಕೈಯೊಂದರಲ್ಲೇ ಎಲ್ಲವನ್ನೂ ನಡೆಸಲು ರೂಢಿಮಾಡಿಕೊಳ್ಳುತ್ತಾರೆ. ಚೇತರಿಸಿಕೊಳ್ಳುವ ಶಕ್ತಿ ಉಳಿದಿದ್ದ ಕೈಯೂ ಕೆಲಸವಿಲ್ಲದೆ ಸುಮ್ಮನಾಗುತ್ತದೆ. ಬಳಸದಿರುವುದನ್ನು ಕೈ ಕಲಿತುಬಿಡುತ್ತದೆ ಎಂದು ಅಮೆರಿಕದ ಎಡ್ವರ್ಡ್ ಟೌಬ್ ವಿವರಿಸಿದರು. ಅಲ್ಲಿಯ ಏಳು ಕೇಂದ್ರಗಳಲ್ಲಿ, ಆಘಾತವಾಗಿ ಮೂರರಿಂದ ಒಂಬತ್ತು ತಿಂಗಳಾಗಿದ್ದು, ಸೋತ ಕೈಯಲ್ಲಿ ತುಸು ಚಲನೆ ಉಳಿದಿದ್ದ ೨೨೨ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲ ೨೦೦೬ರಲ್ಲಿ ಪ್ರಕಟವಾಯಿತು. ಎರಡು ವಾರ ಒಳ್ಳೆಯ ಕೈಗೆ ಕವಚ ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸಿದವರಲ್ಲಿ ಸುಧಾರಣೆ ಸ್ಪಷ್ಟವಾಗಿ ಹೆಚ್ಚಿತ್ತು. ಒಂದು ವರ್ಷದ ಮೇಲೆಯೂ ಅದು ಉಳಿದಿತ್ತು. ವೈದ್ಯರ ಸಲಹೆಯಿಲ್ಲದೆ ಇದನ್ನು ಯಾರೂ ಮನೆಯಲ್ಲಿ ಪ್ರಯೋಗಿಸಬಾರದು. ಆದರೆ ಪ್ರೀತಿಯ ಹೆಸರಿನಲ್ಲಿ ನಾವು ಮಾಡುವುದು ಅದಕ್ಕೆ ತೀರ ವಿರುದ್ಧವಾದದ್ದೆಂಬುದನ್ನು ಗಮನಿಸಬೇಕು. ಲೋಟ ಎತ್ತಲು ಕೈ ಚಾಚಿದೊಡನೆ ಮಗಳು ಓಡಿ ಬಂದು ಕುಡಿಸುತ್ತಾಳೆ, ಸೊಸೆ ತುತ್ತು ಮಾಡಿ ಉಣ್ಣಿಸುತ್ತಾಳೆ. "ನಿಮ್ಮ ಕೈಯಲ್ಲಿ ಆಗುವುದಿಲ್ಲ, ಬಿಡಿ" ಎಂಬ ಮಾತನ್ನು ದಿನಕ್ಕೆ ಹತ್ತು ಸಲ, ಹತ್ತು ರೀತಿಯಲ್ಲಿ ಆ ಹಿರಿಯ ಜೀವ ಕೇಳುತ್ತಿರುತ್ತದೆ.

ಸಂಸೆಯ ಕಡೆಯ ಒಂದು ಮನೆಯಲ್ಲಿ, ಹೀಗೆ ಬಲಗೈ ಸೋತ ಅಜ್ಜಿಯೊಬ್ಬರಿಗೆ ಕೈಗೆ ಪದೇ ಪದೇ ಕೆಲಸ ಕೊಡಬೇಕೆಂದು ವ್ಯಾಯಾಮ ಚಿಕಿತ್ಸಕರು ಹೇಳಿದರು. ರಬ್ಬರಿನ ಚೆಂಡನ್ನು ಅಮುಕುವುದು ಅಜ್ಜಿಗೆ ಬೇಸರವಾಗಿತ್ತು. ಅದು ಮಕ್ಕಳ ಆಟವೆಂದು ಚೆಂಡನ್ನು ಮೂಲೆಗೆ ಎಸೆದಿದ್ದರು. ಮೊಮ್ಮಗ ಒಂದು ದಿನ ಒಣಗಿದ ಕಾಫಿ ಬೇಳೆಯನ್ನು ಮೊರದಲ್ಲಿ ಹಾಕಿ ತಂದು, "ಅಜ್ಜಿ, ಕಪ್ಪು ಬೇಳೆ ಆರಿಸಿಕೊಡಿ" ಎಂದು ಮುಂದಿಟ್ಟ. ಐವತ್ತು ವರ್ಷ ಬೇಳೆ ಆರಿಸಿದ ಕೈಗೆ ಅದು ಗೊತ್ತಿರುವ ಕೆಲಸ. ಮೊದಲ ದಿನ ಬಟ್ಟಲಿಗೆ ಬಿದ್ದದ್ದು ಆರು, ನೆಲಕ್ಕೆ ಬಿದ್ದದ್ದು ಲೆಕ್ಕವಿಲ್ಲ. ನೆಲದ ಬೇಳೆಯ ಮಾತನ್ನು ಹುಡುಗ ಎತ್ತಲಿಲ್ಲ. ಬಟ್ಟಲಿನದನ್ನು ಮಾತ್ರ ಎಣಿಸಿ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಬರೆದ. ಮಗಳು ನೆರವಿಗೆ ಬಾಗಿದಾಗ ಅಜ್ಜಿಯೇ ಎಡಗೈಯಿಂದ ತಡೆದರಂತೆ. ಮೂರನೆಯ ತಿಂಗಳ ಚೌಕಗಳಲ್ಲಿ ಮೂರಂಕಿಯ ಲೆಕ್ಕಗಳಿವೆ. ಹುಡುಗ ಶಾಲೆಗೆ ಹೋದ ದಿನಗಳಲ್ಲಿ ಎಣಿಸುವವರು ಅಜ್ಜಿಯೇ. ಬರೆಯುವವರೂ ಅವರೇ, ಸೊಟ್ಟ ಅಕ್ಷರದಲ್ಲಿ, ಬಲಗೈಯಿಂದ.